ಗುಂಡಿ ಒತ್ತಿದಾಗ ಯಾವ ಕಡತ ಬದಲಾಯಿತು? ವೆಬ್‌ಮಿನ್ ಮೂಲಕ ವೆಬ್ ಸರ್ವರ್ ನಿರ್ವಹಣೆಯ ಪಾಠ

ಗಣಕವಿಜ್ಞಾನ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳು ‘ಜಾಲ’ ಘಟಕವನ್ನು ಆರಿಸಿಕೊಂಡಾಗ ಬರೆದು ತರುವ ಪಾಠಯೋಜನೆ ಹೆಚ್ಚುಕಡಿಮೆ ಒಂದೇ ಅಚ್ಚಿನದಾಗಿರುತ್ತದೆ. ವೆಬ್ ಸರ್ವರ್ ಎಂಬುದಕ್ಕೆ ಒಂದು ವ್ಯಾಖ್ಯೆ, ನಡುವೆ ಮೋಡದ ಆಕಾರ ಬರೆದ ಒಂದು ಚಿತ್ರಪಟ, ಕೊನೆಗೆ ‘ವೆಬ್ ಸರ್ವರಿನ ಕಾರ್ಯಗಳನ್ನು ಪಟ್ಟಿ ಮಾಡಿರಿ’ ಎಂಬ ಮೌಲ್ಯಮಾಪನ ಪ್ರಶ್ನೆ. ವಿದ್ಯಾರ್ಥಿ ಸರ್ವರನ್ನು ನೋಡಿರುವುದಿಲ್ಲ. ಎಷ್ಟೋ ಸಲ ಪಾಠ ಮಾಡುವವರೂ ನೋಡಿರುವುದಿಲ್ಲ. ಹಾಗಾಗಿ ಪ್ರಯೋಗಾಲಯದ ಒಂದು ಹಳೆಯ ಗಣಕಕ್ಕೆ ಉಬುಂಟು, ಅಪಾಚೆ ಮತ್ತು ವೆಬ್‌ಮಿನ್ ಹಾಕಿ, ಮೂರು ಅವಧಿಗಳ ಒಂದು ಪ್ರಾಯೋಗಿಕ ಪಾಠವನ್ನು ರೂಪಿಸಿದೆ. ಪದವಿಪೂರ್ವ ತರಗತಿಗೆಂದು ಮಾಡಿದ್ದಾದರೂ ಮೊದಲು ಅದನ್ನು ನಮ್ಮ ಪ್ರಶಿಕ್ಷಣಾರ್ಥಿಗಳಿಗೇ ನಡೆಸಬೇಕಾಯಿತು. ಆ ಪಾಠದ ಕ್ರಮ, ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಅಗತ್ಯ ಕೇವಲ ಪಠ್ಯಕ್ರಮದ್ದಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳು ನಾಳೆ ಸೇರುವ ಶಾಲೆಯಲ್ಲಿ ಗಣಕ ಬಲ್ಲವರು ಅವರೊಬ್ಬರೇ ಇರುತ್ತಾರೆ. ಇಂಟರ್ನೆಟ್ ಇಲ್ಲದ ದಿನವೂ ಪ್ರಯೋಗಾಲಯದ ಒಂದು ಗಣಕದಿಂದ ಉಳಿದ ಗಣಕಗಳಿಗೆ ಪಾಠದ ಪುಟಗಳನ್ನು ಒದಗಿಸಬಹುದು. ಅದಕ್ಕೆ ಬೇಕಾದದ್ದು ಒಂದು ಸ್ಥಳೀಯ ಜಾಲ ಮತ್ತು ಒಂದು ವೆಬ್ ಸರ್ವರ್ ಅಷ್ಟೆ. ಅಭ್ಯಾಸ ಶಾಲೆಯೊಂದರಲ್ಲಿ ಇಂಥ ವ್ಯವಸ್ಥೆ ಇತ್ತು. ಪರದೆಯಲ್ಲಿ ‘ಓಡುತ್ತಿದೆ’ ಎಂಬ ಹಸಿರು ಗುರುತೂ ಇತ್ತು. ಆದರೆ ಪಕ್ಕದ ಗಣಕದಲ್ಲಿ ಪುಟ ತೆರೆಯುತ್ತಿರಲಿಲ್ಲ, ಮತ್ತು ಆ ಕಾರಣಕ್ಕೆ ತಿಂಗಳುಗಟ್ಟಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅಡ್ಡ ನಿಂತಿದ್ದದ್ದು ಫೈರ್‌ವಾಲಿನ ಒಂದು ನಿಯಮ. ಹಸಿರು ಗುರುತು ಹೇಳುವುದು ಪ್ರೋಗ್ರಾಮು ಬದುಕಿದೆ ಎಂದು ಮಾತ್ರ. ಅದರ ಬಾಗಿಲಿಗೆ ಯಾರಾದರೂ ಬರಬಲ್ಲರೇ ಎಂಬುದನ್ನಲ್ಲ.

ವೆಬ್‌ಮಿನ್ ಆರಿಸಿಕೊಂಡದ್ದಕ್ಕೆ ಕಾರಣ ಹೇಳಬೇಕು. ಜೇಮೀ ಕ್ಯಾಮರನ್ 1997ರಲ್ಲಿ ಮೊದಲು ಬಿಡುಗಡೆ ಮಾಡಿದ, ಪರ್ಲ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ ಇದು. ಲಿನಕ್ಸ್ ಗಣಕವೊಂದರ ಬಳಕೆದಾರರು, ಡಿಸ್ಕು, ಸೇವೆಗಳು ಇವನ್ನೆಲ್ಲ ಬ್ರೌಸರಿನಲ್ಲಿಯೇ ನಿರ್ವಹಿಸಲು ಕೊಡುತ್ತದೆ. ಅಪಾಚೆ ಅದರ ಹಲವು ಭಾಗಗಳಲ್ಲಿ ಒಂದು. ಮುಖ್ಯವಾದ ಮಾತೆಂದರೆ, ವೆಬ್‌ಮಿನ್ ತನ್ನದೇ ಗುಪ್ತ ಭಂಡಾರದಲ್ಲಿ ಏನನ್ನೂ ಇಟ್ಟುಕೊಳ್ಳದೆ ಅಪಾಚೆಯ ಮೂಲ ಸಂರಚನಾ ಕಡತಗಳನ್ನೇ ಓದಿ ಅವನ್ನೇ ತಿದ್ದುತ್ತದೆ. ನಾವು ಕೈಯಿಂದ ಕಡತಕ್ಕೆ ಒಂದು ಸಾಲು ಸೇರಿಸಿದರೆ ಅದು ಪರದೆಯ ನಮೂನೆಯಲ್ಲಿ ಕಾಣುತ್ತದೆ. ನಮೂನೆಯಲ್ಲಿ ತುಂಬಿದ್ದು ಕಡತದಲ್ಲಿ ಸಾಲಾಗಿ ಕಾಣುತ್ತದೆ. ಈ ಎರಡು ದಿಕ್ಕಿನ ಗುಣವೇ ಪಾಠದ ಬೆನ್ನೆಲುಬು.

ಒಬ್ಬ ಪ್ರಶಿಕ್ಷಣಾರ್ಥಿ ಯೋಜನೆಯ ಚರ್ಚೆಯಲ್ಲಿ ನೇರವಾಗಿಯೇ ಕೇಳಿದರು: ‘ಕೊನೆಗೆ ಕಡತವನ್ನೇ ತೋರಿಸುವುದಾದರೆ ಗುಂಡಿಗಳು ಯಾಕೆ? ಟರ್ಮಿನಲ್ಲಿನಿಂದಲೇ ಶುರು ಮಾಡಬಹುದಲ್ಲ?’ ಒಳ್ಳೆಯ ಪ್ರಶ್ನೆ. ನನ್ನ ಅಭಿಪ್ರಾಯ ಹೀಗಿದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಟರ್ಮಿನಲ್ಲಿನಲ್ಲಿ ಒಂದಕ್ಷರ ತಪ್ಪು ಒತ್ತಿದರೆ ಅವಧಿಯ ಅರ್ಧ ಆ ಅಕ್ಷರ ಹುಡುಕುವುದರಲ್ಲೇ ಹೋಗುತ್ತದೆ; ವೆಬ್ ಸರ್ವರ್ ಎಂಬ ಪರಿಕಲ್ಪನೆ ಹಿಂದೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಖಾಲಿ ಟರ್ಮಿನಲ್ ಏನನ್ನು ಕೇಳಬಹುದು ಎಂಬುದನ್ನೇ ಹೇಳುವುದಿಲ್ಲ. ವೆಬ್‌ಮಿನ್‌ನ ಅಪಾಚೆ ಪುಟದ ಚಿಹ್ನೆಗಳ ಸಾಲು – ಜಾಲ ವಿಳಾಸಗಳು, ದಾಖಲೆ ಕಡತಗಳು, ದೋಷ ನಿರ್ವಹಣೆ, ಭಾಷೆಗಳು – ಒಂದು ಪುಸ್ತಕದ ಪರಿವಿಡಿಯಂತೆ. ವೆಬ್ ಸರ್ವರಿಗೆ ಇಷ್ಟೆಲ್ಲ ವಿಷಯಗಳಿವೆ ಎಂಬುದೇ ಮೊದಲ ನೋಟದ ಕಲಿಕೆ. ಆದರೆ ಪರಿವಿಡಿ ಓದಿದವನು ಪುಸ್ತಕ ಓದಿದವನಲ್ಲ. ಆದ್ದರಿಂದ ತರಗತಿಗೆ ಒಂದೇ ನಿಯಮ: ಗುಂಡಿ ಒತ್ತಿದ ಪ್ರತಿ ಸಲವೂ ಯಾವ ಕಡತದಲ್ಲಿ ಯಾವ ಸಾಲು ಬದಲಾಯಿತು ಎಂದು ನೋಡಿ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ಪುಟದ ಎಡಭಾಗದಲ್ಲಿ ‘ಒತ್ತಿದ್ದು’, ಬಲಭಾಗದಲ್ಲಿ ‘ಬದಲಾದದ್ದು’.

ಇದಕ್ಕೆ ಸಾಧನ ವೆಬ್‌ಮಿನ್‌ನಲ್ಲೇ ಇದೆ. ವೆಬ್‌ಮಿನ್ ಸಂರಚನೆಯ ದಾಖಲಾತಿ ವಿಭಾಗದಲ್ಲಿ, ಪ್ರತಿ ಕ್ರಿಯೆಯಿಂದ ಕಡತಗಳಲ್ಲಾದ ಬದಲಾವಣೆಯನ್ನೂ ದಾಖಲಿಸು ಎಂಬ ಆಯ್ಕೆ ಇದೆ. ಅದನ್ನು ಮೊದಲೇ ಆರಿಸಿಟ್ಟರೆ, ಕ್ರಿಯೆಗಳ ದಾಖಲೆಯನ್ನು ತೆರೆದಾಗ ಯಾರು, ಯಾವಾಗ, ಯಾವ ಕಡತದ ಯಾವ ಸಾಲನ್ನು ಸೇರಿಸಿದರು ಅಥವಾ ತೆಗೆದರು ಎಂಬುದು ಕಾಣುತ್ತದೆ. ಇದನ್ನು ಮಾಡಿದವರು ಆಡಳಿತಗಾರರಿಗಾಗಿ ಮಾಡಿರಬೇಕು. ನನಗೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಸಿಕ್ಕಿಲ್ಲ.

ಮೊದಲ ಅವಧಿಯನ್ನು ‘ಎರಡು ಸರ್ವರು’ ಎಂದು ಕರೆಯುತ್ತೇನೆ. ಬ್ರೌಸರಿನಲ್ಲಿ ಗಣಕದ ವಿಳಾಸ ಕೊಟ್ಟರೆ ಅಪಾಚೆಯ ಸ್ವಾಗತ ಪುಟ. ಅದೇ ವಿಳಾಸದ ಮುಂದೆ 10000 ಎಂಬ ಪೋರ್ಟ್ ಸಂಖ್ಯೆ ಸೇರಿಸಿದರೆ ವೆಬ್‌ಮಿನ್. ವಿದ್ಯಾರ್ಥಿಗಳಲ್ಲಿ ತಕ್ಷಣ ಹುಟ್ಟುವ ತಪ್ಪುಗ್ರಹಿಕೆ ಎಂದರೆ ಈ ಎರಡನೆಯದೇ ‘ಸರ್ವರ್’ ಎಂಬುದು. ನಿಜದಲ್ಲಿ ವೆಬ್‌ಮಿನ್ ತನ್ನದೇ ಒಂದು ಪುಟ್ಟ ವೆಬ್ ಸರ್ವರನ್ನು ಹೊತ್ತು ತರುತ್ತದೆ. ಅಪಾಚೆಗೂ ಅದಕ್ಕೂ ಸಂಬಂಧವಿಲ್ಲ. ಅಪಾಚೆಯನ್ನು ವೆಬ್‌ಮಿನ್‌ನಿಂದ ನಿಲ್ಲಿಸಿದಾಗ ಪಾಠದ ಪುಟ ಹೋಗುತ್ತದೆ, ನಿಲ್ಲಿಸಿದ ಪುಟ ಉಳಿಯುತ್ತದೆ. ಇದನ್ನು ಮಾತಿನಲ್ಲಿ ಹೇಳದೆ ಮಾಡಿಸಿ ತೋರಿಸುವುದು ಒಳ್ಳೆಯದು. ತರಗತಿಯಲ್ಲಿ ಒಂದು ಕ್ಷಣ ಮೌನ ಬರುತ್ತದೆ. ವೆಬ್‌ಮಿನ್ ತೆರೆಯುವಾಗ ಬ್ರೌಸರ್ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಎಚ್ಚರಿಸುತ್ತದೆ. ‘ಏನಾಗಲ್ಲ, ಮುಂದೆ ಒತ್ತಿ’ ಎನ್ನುವುದು ಪ್ರಯೋಗಾಲಯಗಳ ರೂಢಿ. ಹಾಗೆನ್ನಬೇಡಿ. ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಬೇರೆ ಯಾರೂ ಅಲ್ಲ, ಅದೇ ಗಣಕ. ತಾನೇ ತನಗೆ ನಡತೆಪತ್ರ ಬರೆದುಕೊಂಡಂತೆ. ಗೂಢಲಿಪೀಕರಣ ಇದೆ, ಗುರುತಿನ ಖಾತರಿ ಇಲ್ಲ. ಎದುರಿಗಿರುವ ಗಣಕವೇ ಅದು ಎಂದು ನಮಗೆ ಗೊತ್ತಿರುವುದರಿಂದ ಇಲ್ಲಿ ಮುಂದುವರಿಯುತ್ತೇವೆ, ಬ್ಯಾಂಕಿನ ತಾಣದಲ್ಲಿ ಮುಂದುವರಿಯುವುದಿಲ್ಲ – ಈ ಎರಡು ವಾಕ್ಯಕ್ಕೆ ಎರಡು ನಿಮಿಷ ಸಾಕು.

ಎರಡನೆಯ ಅವಧಿಯಲ್ಲಿ ಒಂದೇ ಗಣಕದಲ್ಲಿ ಎರಡು ತಾಣಗಳು. ಹೆಸರಾಧಾರಿತ ವರ್ಚುವಲ್ ಹೋಸ್ಟ್ ಎಂಬ ಈ ಪರಿಕಲ್ಪನೆಯೇ ಇಡೀ ಪಾಠದ ಕಠಿಣ ಭಾಗ, ಹಾಗಾಗಿ ಸಮಯವನ್ನು ಇಲ್ಲಿ ಸುರಿಯಬೇಕು. ನಾನು ವಠಾರದ ಹೋಲಿಕೆ ಬಳಸುತ್ತೇನೆ. ಬೀದಿಗೆ ಒಂದೇ ಬಾಗಿಲು, ಒಂದೇ ಸಂಖ್ಯೆ. ಒಳಗೆ ಹಲವು ಮನೆ. ಬಂದವರು ಬಾಗಿಲಲ್ಲಿ ನಿಂತು ‘ಯಾರ ಮನೆ?’ ಎಂಬುದನ್ನು ಹೇಳಬೇಕು. ಬ್ರೌಸರ್ ಕಳಿಸುವ ಕೋರಿಕೆಯಲ್ಲಿ ‘ಹೋಸ್ಟ್’ ಎಂಬ ಸಾಲು ಮಾಡುವುದು ಇದನ್ನೇ. ಹೆಸರು ಯಾವ ಮನೆಗೂ ಹೊಂದದಿದ್ದರೆ? ಅಪಾಚೆ ‘ಇಲ್ಲ’ ಎನ್ನುವುದಿಲ್ಲ; ಬಾಗಿಲ ಪಕ್ಕದ ಮೊದಲ ಮನೆಗೆ ಕರೆದುಕೊಂಡು ಹೋಗುತ್ತದೆ. ಉಬುಂಟುವಿನಲ್ಲಿ ಕಡತಗಳನ್ನು ಅಕಾರಾದಿ ಕ್ರಮದಲ್ಲಿ ಓದುವುದರಿಂದ ಮೊದಲ ಮನೆ ಯಾವುದೆಂದರೆ ಹೆಸರಿನ ಮುಂದೆ ಮೂರು ಸೊನ್ನೆ ಇರುವ ‘000-ಡೀಫಾಲ್ಟ್’ ಕಡತದ್ದು. ಆ ಸೊನ್ನೆಗಳು ಅಲಂಕಾರಕ್ಕಲ್ಲ ಎಂದು ಗೊತ್ತಾದಾಗ ವಿದ್ಯಾರ್ಥಿಗಳಿಗೆ ಸಂತೋಷವಾಗುತ್ತದೆ. ಹೋಲಿಕೆಗೂ ಮಿತಿ ಇದೆ: ವಠಾರದಲ್ಲಿ ತಪ್ಪು ಮನೆಗೆ ಹೋದವನಿಗೆ ತಪ್ಪು ಎಂದು ತಿಳಿಯುತ್ತದೆ, ಬ್ರೌಸರಿಗೆ ತಿಳಿಯುವುದಿಲ್ಲ. ವಿಳಾಸಪಟ್ಟಿಯಲ್ಲಿ ಸರಿಯಾದ ಹೆಸರು, ಒಳಗೆ ಇನ್ನೊಬ್ಬರ ಪುಟ.

ಇಲ್ಲಿ ವೆಬ್‌ಮಿನ್‌ನ ಪರದೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ವರ್ಚುವಲ್ ಹೋಸ್ಟ್‌ಗಳ ಪಟ್ಟಿಯ ಮೊದಲಿಗೆ ‘ಡೀಫಾಲ್ಟ್ ಸರ್ವರ್’ ಎಂದು ಒಂದು ಚಿಹ್ನೆ ಇದೆ, ಯಾರಿಗೂ ಸೇರದ ಕೋರಿಕೆಗಳನ್ನು ಅದು ನೋಡಿಕೊಳ್ಳುತ್ತದೆ ಎಂಬ ವಿವರಣೆಯೊಂದಿಗೆ. ಎಲ್ಲ ವಿಳಾಸಕ್ಕೂ 80ನೇ ಪೋರ್ಟಿನಲ್ಲಿ ಉತ್ತರಿಸುವ ವರ್ಚುವಲ್ ಹೋಸ್ಟ್ ಒಂದಾದರೂ ಇದ್ದಾಗ ಆ ಪೋರ್ಟಿಗೆ ಬಂದ ಅನಾಥ ಕೋರಿಕೆ ಈ ‘ಡೀಫಾಲ್ಟ್ ಸರ್ವರ್’ ಕಡೆಗೆ ಹೋಗುವುದೇ ಇಲ್ಲ. ಮೊದಲ ವರ್ಚುವಲ್ ಹೋಸ್ಟಿಗೆ ಹೋಗುತ್ತದೆ. ಚಿಹ್ನೆಯ ಹೆಸರನ್ನು ನಂಬಿ ಅಲ್ಲಿ ಮೂಲ ಫೋಲ್ಡರನ್ನು ಬದಲಿಸಿ ‘ಏನೂ ಆಗಲಿಲ್ಲ’ ಎಂದು ಕುಳಿತ ಪ್ರಶಿಕ್ಷಣಾರ್ಥಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಅವರನ್ನು ತಿದ್ದಲು ಅವಸರ ಬೇಡ. ‘ಬದಲಾದದ್ದು’ ಅಂಕಣ ನೋಡಲು ಹೇಳಿ: ಕಡತ ಬದಲಾಗಿದೆ, ಪುಟ ಬದಲಾಗಿಲ್ಲ. ಹಾಗಾದರೆ ಉತ್ತರ ಕೊಡುತ್ತಿರುವುದು ಯಾವ ಕಡತ?

ಹೆಸರಿಗಾಗಿ ‘ಪಾಠ.ಟೆಸ್ಟ್’, ‘ಗ್ರಂಥಾಲಯ.ಟೆಸ್ಟ್’ ಎಂದು ಎರಡನ್ನು ಲ್ಯಾಟಿನ್ ಅಕ್ಷರಗಳಲ್ಲಿ ಇಟ್ಟುಕೊಳ್ಳುತ್ತೇವೆ. ‘ಟೆಸ್ಟ್’ ಎಂಬ ಕೊನೆಪದವನ್ನು 1999ರಿಂದ ಪ್ರಯೋಗಕ್ಕೆಂದೇ ಕಾಯ್ದಿರಿಸಲಾಗಿದೆ; ಹೊರಗಿನ ಯಾವ ನಿಜವಾದ ತಾಣಕ್ಕೂ ಅದು ತಗಲುವುದಿಲ್ಲ. ಪ್ರತಿ ಗಣಕದ ಹೋಸ್ಟ್ಸ್ ಕಡತದಲ್ಲಿ ಈ ಹೆಸರುಗಳನ್ನು ಸರ್ವರಿನ ವಿಳಾಸಕ್ಕೆ ಜೋಡಿಸಬೇಕು. ವೆಬ್‌ಮಿನ್‌ನಲ್ಲಿ ಹೊಸ ವರ್ಚುವಲ್ ಹೋಸ್ಟ್ ಸೃಷ್ಟಿಸುವ ನಮೂನೆ ಚಿಕ್ಕದು: ಪೋರ್ಟ್, ಮೂಲ ಫೋಲ್ಡರ್, ಹೆಸರು, ಜೊತೆಗೆ ‘ಈ ಫೋಲ್ಡರಿಗೆ ಪ್ರವೇಶ ಕೊಡು’ ಎಂಬ ಒಂದು ಗುರುತು. ಆ ಗುರುತು ಹಾಕಿದವರ ಕಡತದಲ್ಲಿ ಪ್ರವೇಶದ ಒಂದು ತುಂಡು ಹೆಚ್ಚು ಸೇರಿರುತ್ತದೆ, ತೆಗೆದವರದರಲ್ಲಿ ಇರುವುದಿಲ್ಲ. ಇಬ್ಬರಿಗೆ ಬೇಕೆಂದೇ ಬೇರೆಬೇರೆ ಮಾಡಲು ಹೇಳಿ ಕಡತಗಳನ್ನು ಪಕ್ಕಪಕ್ಕ ಇಡಿಸಿ.

ಉಳಿಸುವುದಕ್ಕೂ ಜಾರಿಗೆ ತರುವುದಕ್ಕೂ ಇರುವ ಅಂತರ ಮತ್ತೊಂದು ತೊಡಕು. ‘ಉಳಿಸು’ ಒತ್ತಿದರೆ ಕಡತ ಬದಲಾಗುತ್ತದೆ. ಓಡುತ್ತಿರುವ ಅಪಾಚೆ ಆ ಕಡತವನ್ನು ಮತ್ತೆ ಓದುವುದು ಯಾರಾದರೂ ಓದು ಎಂದು ಹೇಳಿದಾಗಲೇ. ಅದು ‘ಬದಲಾವಣೆ ಜಾರಿಗೊಳಿಸು’ ಗುಂಡಿಯ ಕೆಲಸ. ಶಾಲೆಯ ಉದಾಹರಣೆ ಬೇಕಾದರೆ: ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವೇಳಾಪಟ್ಟಿ ತಿದ್ದಿದ ಮಾತ್ರಕ್ಕೆ ಗಂಟೆ ಬಾರಿಸುವವರಿಗೆ ಗೊತ್ತಾಗುವುದಿಲ್ಲ. ಕಡತದಲ್ಲಿ ದೋಷವಿದ್ದಾಗ ಈ ಅಂತರ ರಕ್ಷಣೆಯೂ ಆಗುತ್ತದೆ. ಮರು-ಓದು ಹೇಳುವ ಮುನ್ನ ಸಂರಚನೆಯನ್ನು ಪರೀಕ್ಷಿಸಿದರೆ, ತಪ್ಪಿರುವಾಗ ಹಳೆಯ ಸಂರಚನೆಯಲ್ಲೇ ಸರ್ವರ್ ಓಡುತ್ತಿರುತ್ತದೆ. ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಶುರುವಾಗುವುದೇ ಇಲ್ಲ. ಯಾವಾಗ ಏನೇ ಆದರೂ ‘ರೀಸ್ಟಾರ್ಟ್ ಮಾಡಿ ನೋಡೋಣ’ ಎನ್ನುವ ನಮ್ಮ ಅಭ್ಯಾಸವನ್ನು ಇದು ಒಂದಿಷ್ಟು ಅಲುಗಾಡಿಸುತ್ತದೆ.

ಪಾಠದ ಪುಟಗಳು ಕನ್ನಡದಲ್ಲಿರುವುದರಿಂದ ಇನ್ನೊಂದು ವಿಷಯ ತಾನಾಗಿಯೇ ಬರುತ್ತದೆ. ಯಾರಾದರೂ ಒಬ್ಬರ ಪುಟದಲ್ಲಿ ಕನ್ನಡದ ಬದಲು ಕಸ ಕಾಣುತ್ತದೆ: ತಲೆಯ ಮೇಲೆ ಓರೆಗೆರೆ ಇರುವ ಲ್ಯಾಟಿನ್ ‘ಎ’, ಅದರ ಬೆನ್ನಿಗೆ ಮೇಲೆತ್ತಿ ಬರೆದ ಚಿಕ್ಕ 2 ಅಥವಾ 3, ಆಮೇಲೆ ಏನೋ ಒಂದು ಚಿಹ್ನೆ, ಇದೇ ಮತ್ತೆ ಮತ್ತೆ. ಇದನ್ನು ‘ಫಾಂಟ್ ಇಲ್ಲ’ ಎಂದು ತಳ್ಳಿಹಾಕುವುದು ವಾಡಿಕೆ. ಫಾಂಟಿನದಲ್ಲ ಈ ದೋಷ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ ಹದಿನಾರರ ಆಧಾರದಲ್ಲಿ 0ಸಿ95. ಬೈಟುಗಳು ಇ0, ಬಿ2, 95. ಬ್ರೌಸರ್ ಇದನ್ನು ಪಶ್ಚಿಮ ಯುರೋಪಿನ ಒಂದು ಬೈಟಿನ ಸಂಕೇತಕ್ರಮವೆಂದು ಓದಿದರೆ ಮೂರು ಬೈಟು ಮೂರು ಬೇರೆ ಅಕ್ಷರಗಳಾಗುತ್ತವೆ. ಇ0 ಎಂಬುದೇ ಆ ಓರೆಗೆರೆಯ ‘ಎ’. ಎರಡನೆಯ ಬೈಟು ಬಿ2 ಆದರೆ ಚಿಕ್ಕ 2, ಬಿ3 ಆದರೆ ಚಿಕ್ಕ 3. ಸ್ವರ, ವ್ಯಂಜನಗಳು ಮತ್ತು ದೀರ್ಘ ‘ಆ’, ಹ್ರಸ್ವ ‘ಇ’ಗಳ ಗುಣಿತ ಚಿಹ್ನೆಗಳು ಬಿ2ರ ಗುಂಪಿನಲ್ಲಿವೆ, ದೀರ್ಘ ‘ಈ’ಯಿಂದ ಮುಂದಿನ ಗುಣಿತ ಚಿಹ್ನೆಗಳು, ಅರ್ಧಾಕ್ಷರ ಮಾಡುವ ಹಲಂತ, ಕನ್ನಡ ಅಂಕೆಗಳು ಬಿ3ರ ಗುಂಪಿನಲ್ಲಿ. ಒತ್ತಕ್ಷರ ಹೆಚ್ಚಿರುವ ಪದದಲ್ಲಿ 3 ಹೆಚ್ಚು ಕಾಣುತ್ತದೆ. ಒಬ್ಬ ವಿದ್ಯಾರ್ಥಿನಿ ‘ಕಮಲ’ ಮತ್ತು ‘ಶ್ರೀಕೃಷ್ಣ’ ಎಂಬ ಎರಡು ಪದಗಳ ಕಸವನ್ನು ಕಪ್ಪುಹಲಗೆಯ ಮೇಲೆ ಎತ್ತಿ ಬರೆದು ಇದನ್ನು ತಾನೇ ಕಂಡುಹಿಡಿದು ಹೇಳಿದಳು: ‘ಕಮಲ’ದಲ್ಲಿ ಎಲ್ಲವೂ 2.

ಪರಿಹಾರ ಎರಡು ಕಡೆ ಇದೆ. ಪುಟದ ತಲೆಯಲ್ಲಿ ಸಂಕೇತಕ್ರಮ ಘೋಷಿಸಬಹುದು. ಅಥವಾ ವೆಬ್‌ಮಿನ್‌ನಲ್ಲಿ ಆ ವರ್ಚುವಲ್ ಹೋಸ್ಟಿನ ನಿರ್ದೇಶಗಳನ್ನು ನೇರ ತಿದ್ದುವ ಪುಟ ತೆರೆದು ‘ಆ್ಯಡ್‌ಡೀಫಾಲ್ಟ್‌ಚಾರ್‌ಸೆಟ್’ ಎಂಬ ಸಾಲಿಗೆ ಯುಟಿಎಫ್-8 ಕೊಡಬಹುದು. ಆಗ ಸರ್ವರೇ ಪ್ರತಿ ಪುಟದ ಜೊತೆ ಆ ಮಾತನ್ನು ಶಿರೋಲೇಖದಲ್ಲಿ ಕಳಿಸುತ್ತದೆ. ಎರಡೂ ಇದ್ದು ಪರಸ್ಪರ ಒಪ್ಪದಿದ್ದರೆ ಬ್ರೌಸರ್ ನಂಬುವುದು ಸರ್ವರನ್ನು. ಪುಟ ಬರೆದವಳದ್ದು ಏನೂ ತಪ್ಪಿಲ್ಲದೆಯೂ ಕನ್ನಡ ಕೆಡಬಹುದು ಎಂಬುದು ಇದರಿಂದ ಬರುವ ತಿಳಿವಳಿಕೆ, ಮತ್ತು ಕನ್ನಡದಲ್ಲಿ ಪುಟ ಮಾಡುವವರಿಗೆ ಇದು ಇಂಗ್ಲಿಷಿನವರಿಗಿಂತ ಹೆಚ್ಚು ಬೇಕು.

ಮೂರನೆಯ ಅವಧಿ ಮೌಲ್ಯಮಾಪನದ್ದು. ‘ವರ್ಚುವಲ್ ಹೋಸ್ಟ್ ಸೃಷ್ಟಿಸುವ ಹಂತಗಳನ್ನು ಬರೆಯಿರಿ’ ಎಂಬ ಪ್ರಶ್ನೆ ನಾನು ಕೊಡುವುದಿಲ್ಲ. ಹಂತಗಳು ಮುಂದಿನ ಆವೃತ್ತಿಯಲ್ಲಿ ಬದಲಾಗುತ್ತವೆ. ಬದಲಿಗೆ ಸರ್ವರನ್ನು ನಾನೇ ಕೆಡಿಸಿಟ್ಟು ಜೋಡಿಗಳನ್ನು ಕೂರಿಸುತ್ತೇನೆ. ಪೋರ್ಟನ್ನು 8080 ಮಾಡಿರುತ್ತೇನೆ, ಇಲ್ಲವೇ ಹೆಸರಿನಲ್ಲಿ ಒಂದಕ್ಷರ ಕೆಡಿಸಿರುತ್ತೇನೆ, ಇಲ್ಲವೇ ಮೊದಲ ಪುಟದ ಹೆಸರು ಬದಲಿಸಿರುತ್ತೇನೆ. ಕೊನೆಯದರಲ್ಲಿ ಪುಟದ ಬದಲು ಫೋಲ್ಡರಿನ ಕಡತಪಟ್ಟಿ ಬರುತ್ತದೆ, ಅದು ಸುಲಭ. ಅಂಕ ದೊರಕುವುದು ಸರಿಪಡಿಸಿದ್ದಕ್ಕಲ್ಲ, ‘ಮೊದಲು ಎಲ್ಲಿ ನೋಡಿದಿರಿ, ಯಾಕೆ’ ಎಂಬ ಉತ್ತರಕ್ಕೆ.

ಇವುಗಳಲ್ಲಿ ಅತ್ಯಂತ ಫಲ ಕೊಡುವುದು 403. ಮೂಲ ಫೋಲ್ಡರನ್ನು ಒಬ್ಬ ಬಳಕೆದಾರನ ಮನೆಯ ಫೋಲ್ಡರಿನೊಳಕ್ಕೆ ಬದಲಿಸಿದರೆ ‘ನಿಷಿದ್ಧ’ ಎಂಬ ಪುಟ ಬರುತ್ತದೆ. ಕಾರಣ ಎರಡಿರಬಹುದು. ಅಪಾಚೆಯ ಸಂರಚನೆಯೇ ಆ ಫೋಲ್ಡರಿಗೆ ಪ್ರವೇಶ ಕೊಟ್ಟಿರಲಿಕ್ಕಿಲ್ಲ. ಅಥವಾ ಸಂರಚನೆ ಕೊಟ್ಟಿದ್ದರೂ ಕಾರ್ಯಾಚರಣೆ ವ್ಯವಸ್ಥೆ ಬಿಡದಿರಬಹುದು, ಏಕೆಂದರೆ ಅಪಾಚೆ ಪುಟಗಳನ್ನು ಓದುವುದು ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ. ಬ್ರೌಸರಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಸಿಗುವುದು ದೋಷ ದಾಖಲೆಯ ಕಡತದಲ್ಲಿ ಮಾತ್ರ: ಮೊದಲನೆಯದಕ್ಕೆ ‘ಸರ್ವರ್ ಸಂರಚನೆ ತಡೆಯಿತು’ ಎಂಬ ಅರ್ಥದ ಸಾಲು, ಎರಡನೆಯದಕ್ಕೆ ‘ದಾರಿಯ ಒಂದು ಭಾಗದಲ್ಲಿ ಹಾಯುವ ಅನುಮತಿ ಇಲ್ಲ’ ಎಂಬ ಅರ್ಥದ ಸಾಲು. ವೆಬ್‌ಮಿನ್‌ನಲ್ಲೇ ಈ ದಾಖಲೆಯನ್ನು ತೆರೆದು ಓದಬಹುದು. ಆ ಇಂಗ್ಲಿಷ್ ಸಾಲನ್ನು ಓದಿ ಕನ್ನಡದಲ್ಲಿ ಹೇಳಿಸುವುದನ್ನು ನಾನು ಕಡ್ಡಾಯ ಮಾಡಿದ್ದೇನೆ. ಭಾಷಾ ಪಾಠದವರು ನಕ್ಕರೂ ಪರವಾಗಿಲ್ಲ. ದೋಷಸಂದೇಶವನ್ನು ಓದದೆ ಮುಚ್ಚುವುದೇ ನಮ್ಮ ಪ್ರಯೋಗಾಲಯಗಳ ದೊಡ್ಡ ರೋಗ.

ಈ ಪಾಠವನ್ನು ತಮ್ಮ ಶಾಲೆಗೆ ಒಯ್ಯುವವರಿಗೆ ಸುರಕ್ಷತೆಯ ಬಗ್ಗೆ ಒಂದಿಷ್ಟು. ವೆಬ್‌ಮಿನ್ ಓಡುವುದು ಗಣಕದ ಸರ್ವಾಧಿಕಾರದಲ್ಲಿ, ಅಂದರೆ ರೂಟ್ ಆಗಿ. 2018ರ ಏಪ್ರಿಲ್‌ನಲ್ಲಿ ಅದರ ತಯಾರಿಕೆಯ ಸರ್ವರಿಗೇ ಯಾರೋ ನುಗ್ಗಿ, ಪಾಸ್‌ವರ್ಡ್ ಬದಲಿಸುವ ಭಾಗದಲ್ಲಿ ಕಳ್ಳದಾರಿ ಇಟ್ಟುಬಿಟ್ಟರು. 1.890ನೇ ಆವೃತ್ತಿಯೊಂದಿಗೆ ಅದು ಹೊರಬಿತ್ತು, ಬಯಲಾಗಿ 1.930ರಲ್ಲಿ ಸರಿಯಾದದ್ದು 2019ರ ಆಗಸ್ಟಿನಲ್ಲಿ. ಹಳೆಯ ಸಿ.ಡಿ.ಯಲ್ಲಿ ಉಳಿದ ಆವೃತ್ತಿಯನ್ನು ಹಾಕಬೇಡಿ ಎನ್ನಲು ಇದು ಸಾಕು. ಪ್ರವೇಶವನ್ನು ಪ್ರಯೋಗಾಲಯದ ವಿಳಾಸಗಳಿಗೆ ಮಾತ್ರ ಸೀಮಿತಗೊಳಿಸುವ ಆಯ್ಕೆ ವೆಬ್‌ಮಿನ್ ಸಂರಚನೆಯಲ್ಲಿದೆ, ಬಳಸಿ. ವಿದ್ಯಾರ್ಥಿಗಳಿಗೆ ರೂಟ್ ಪಾಸ್‌ವರ್ಡ್ ಕೊಡದೆ ವೆಬ್‌ಮಿನ್ ಬಳಕೆದಾರರನ್ನು ಸೃಷ್ಟಿಸಿ ಅಪಾಚೆ ಭಾಗವನ್ನಷ್ಟೇ ತೆರೆದಿಡಬಹುದು. ಆದರೆ ಅದರಿಂದ ಎಲ್ಲ ಭದ್ರವಾಯಿತೆಂದು ತಿಳಿಯಬೇಡಿ: ಅಪಾಚೆಯ ದಾಖಲೆಯನ್ನು ಇನ್ನೊಂದು ಪ್ರೋಗ್ರಾಮಿಗೆ ಹರಿಸುವ ನಿರ್ದೇಶವಿದೆ, ಅಪಾಚೆಯನ್ನು ರೂಟ್ ಶುರು ಮಾಡಿದ್ದರೆ ಆ ಪ್ರೋಗ್ರಾಮೂ ರೂಟ್ ಆಗಿಯೇ ಓಡುತ್ತದೆ. ನಿರ್ದೇಶಗಳನ್ನು ನೇರ ತಿದ್ದಬಲ್ಲವನು ಗಣಕವನ್ನೇ ಕೈಗೆ ತೆಗೆದುಕೊಳ್ಳಬಲ್ಲ. ಆದ್ದರಿಂದ ಶಾಲೆಯ ದಾಖಲಾತಿ, ಅಂಕಪಟ್ಟಿ ಇರುವ ಗಣಕದಲ್ಲಿ ಈ ಪ್ರಯೋಗ ಬೇಡ. ಒಂದು ಹಳೆಯ, ಖಾಲಿ ಗಣಕ ಇರಲಿ.

ವಿಂಡೋಸ್ ಗಣಕಗಳು ಮಾತ್ರ ಇರುವ ಕಡೆ ಐಐಎಸ್ ಮ್ಯಾನೇಜರಿನಲ್ಲೂ ಇದೇ ಕ್ರಮ ನಡೆಯುತ್ತದೆ. ಅದರ ಏಳನೇ ಆವೃತ್ತಿಯಿಂದ ಈಚೆಗೆ ಸೆಟ್ಟಿಂಗುಗಳು ಎಕ್ಸ್‌ಎಂಎಲ್ ಕಡತಗಳಲ್ಲೇ ಇರುವುದರಿಂದ ಎಡ-ಬಲ ಅಂಕಣದ ಟಿಪ್ಪಣಿ ಪುಸ್ತಕ ಹಾಗೆಯೇ ಹೊಂದುತ್ತದೆ. ಎಕ್ಸ್‌ಎಎಂಪಿಪಿಯ ನಿಯಂತ್ರಣ ಫಲಕದಲ್ಲಿ ‘ಕಾನ್ಫಿಗ್’ ಗುಂಡಿ ಒತ್ತಿದರೆ ಸಂರಚನಾ ಕಡತವೇ ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ನಮೂನೆಗಳ ಪರಿವಿಡಿ ಇಲ್ಲ ಎಂಬುದಷ್ಟೇ ಕೊರತೆ.

ಘಟಕ ಮುಗಿದ ದಿನ ವಿದ್ಯಾರ್ಥಿಗಳಿಗೆ ಕೊಟ್ಟ ಬಳಕೆದಾರ ಹೆಸರುಗಳನ್ನು ತೆಗೆದುಹಾಕಿ, ವೆಬ್‌ಮಿನ್ ಸೇವೆಯನ್ನೇ ನಿಲ್ಲಿಸಿಬಿಡುತ್ತೇನೆ. ಬೇಕಾದಾಗ ಮತ್ತೆ ಶುರು ಮಾಡಿದರಾಯಿತು. ನಿಲ್ಲಿಸುವ ಮುನ್ನ ತರಗತಿಗೆ ಕೇಳುವ ಪ್ರಶ್ನೆ ಒಂದೇ: ಈಗ ‘ಪಾಠ.ಟೆಸ್ಟ್’ ತೆರೆಯುತ್ತದೆಯೇ, ಇಲ್ಲವೇ? ಕೈ ಎತ್ತಿಸಿ ಎರಡೂ ಕಡೆಯ ಎಣಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಆಮೇಲೆ ನಿಲ್ಲಿಸಿ, ಹಿಂದಿನ ಸಾಲಿನ ಗಣಕದವರಿಗೆ ಪುಟ ತೆರೆಯಲು ಹೇಳುತ್ತೇನೆ.